ನಾಲ್ಕು ದೇಶದ ಬಾವಿಗಳಿಗೆ ಒಬ್ಬಳೇ ಹಾಳೆಯಕ್ಕ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರುತ್ತಿರುವ ಚಹಾ, ಗೆರೆ ಎಳೆದ ನೋಟ್‌ಬುಕ್ಕು. ಹಾಳೆಯಕ್ಕ ಕನ್ನಡಕ ಏರಿಸಿಕೊಂಡು ನಾಲ್ಕು ದೇಶಗಳ ಬಾವಿಗಳನ್ನು ಒಂದೊಂದಾಗಿ ಇಣುಕಿ ನೋಡುತ್ತಾರೆ. ಅವುಗಳಲ್ಲಿ ಒಂದನ್ನೂ ಅವರು ಕಣ್ಣಾರೆ ಕಂಡಿಲ್ಲ.

ಬಾವಿ ನೀರಿನಲ್ಲಿ ಉಪ್ಪು ಎಷ್ಟು ಏರುತ್ತಿದೆ ಎಂದು ಅಳೆಯುವ ಸಂಶೋಧಕರ ತಂಡವಿದು. ಇಪ್ಪತ್ತಾರು ಮಂದಿ, ನಾಲ್ಕು ದೇಶ. ಎಲ್ಲರೂ ಅಳತೆ ತುಂಬುವುದು ಆನ್‌ಲೈನಿನ ಒಂದೇ ಹಾಳೆಗೆ. ಅದನ್ನು ಕಾಯುವವರು ಇವರು. ಹುದ್ದೆಯ ಹೆಸರು ಮಾರುದ್ದ ಇದೆ, ಆದರೆ ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ಹಾಳೆಯಕ್ಕನೇ. ದಿನಕ್ಕೆ ಮುನ್ನೂರು ಸಾಲು ಓದುತ್ತಾರೆ, ಹತ್ತು ಬಾವಿಗಳ ಅಳತೆಯನ್ನು ನೋಟ್‌ಬುಕ್ಕಿಗೂ ಇಳಿಸುತ್ತಾರೆ.

"ಕಂಪ್ಯೂಟರೇ ನೆನಪಿಟ್ಕೊಳ್ಳುತ್ತೆ, ನಿನಗ್ಯಾಕಮ್ಮಾ ಈ ಉಸಾಬರಿ ಅಂತ ಮಗಳು ನಗ್ತಾಳೆ. ನಗಲಿ ಬಿಡಿ."

ಹೋದ ವರ್ಷ ಆ ಮಗಳ ಹೆರಿಗೆಗೆಂದು ಅಕ್ಕ ಒಂಬತ್ತು ದಿನ ರಜೆ ಹಾಕಿದ್ದರು. ಆಗಲೇ ತಂಡದ ಹಿರಿಯ ಪ್ರೊಫೆಸರು ಉಪ್ಪಿನ ಕಾಲಂ ಒಂದನ್ನೇ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಬಿಟ್ಟರು. ಬಾವಿಗಳ ಹೆಸರು ಇದ್ದಲ್ಲೇ ಉಳಿಯಿತು, ಉಪ್ಪೆಲ್ಲ ಊರು ಬದಲಿಸಿತು. ಯಾರಿಗೂ ಗೊತ್ತಾಗಲಿಲ್ಲ, ಅದರ ಮೇಲೇ ಹೊಸ ಅಳತೆ ತುಂಬಿದರು.

"ವಾಪಸ್ ಬಂದು ನೋಟ್‌ಬುಕ್ ತೆಗೆದು ನೋಡ್ತೀನಿ, ಸಿಹಿನೀರಿನ ಬಾವಿ ಹಾಳೆಯಲ್ಲಿ ಸಮುದ್ರ ಆಗಿದೆ!"

ರಜೆಗೆ ಮುಂಚಿನ ಹಳೆಯ ಪ್ರತಿಗೆ ಮರಳಿದರೆ ಹೊಸ ಅಳತೆ ಹೋಗುತ್ತದೆ. ಹಾಗೇ ಬಿಟ್ಟರೆ ಏಳು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅಕ್ಕ ಹಳೆಯ ಪ್ರತಿಯನ್ನೇ ತೆಗೆದರು. ಪ್ರತಿ ದೇಶದವರಿಗೂ ಕರೆ ಮಾಡಿ, ಒಂಬತ್ತು ದಿನದ ಅಳತೆಗಳನ್ನು ಕೇಳಿ ಕೇಳಿ ಕೈಯಾರೆ ಸೇರಿಸಿದರು. ಆರು ದಿನ ಹಿಡಿಯಿತು. ತಪ್ಪು ಯಾರದೆಂದು ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಕೊನೆಗೆ ಪ್ರೊಫೆಸರೇ ತಡೆಯಲಾರದೆ ಎಲ್ಲರೆದುರು ಒಪ್ಪಿಕೊಂಡರು.

"ಆನೆಯಂಥದ್ದೂ ಮುಗ್ಗರಿಸುತ್ತೆ, ಬಿಡಿ ಸಾರ್ ಅಂದೆ. ಪಾಪ, ಈಗ ಹಾಳೆ ತೆರೆಯೋಕೆ ಮೊದಲು ಫೋನ್ ಮಾಡ್ತಾರೆ: 'ಅಕ್ಕಾ, ಮುಟ್ಟಲಾ?'"

ಹೇಳುತ್ತಾ ನಗು ತಡೆಯಲಾಗದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇಂಥವರೊಬ್ಬರು ಇಲ್ಲದಿದ್ದರೆ ಇಪ್ಪತ್ತಾರು ಜನರ ಜಾಣತನ ಯಾವ ಬಾವಿಗೆ ಬೀಳುತ್ತಿತ್ತೋ! ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನೋಟ್‌ಬುಕ್ಕಿನ ಒಂದು ಪುಟ ತೆರೆದು ಬೆರಳಿಡುತ್ತಾರೆ.

"ಸಮುದ್ರ ಆಗಿತ್ತಲ್ಲ, ಆ ಬಾವಿದು ಒಂದು ಲೋಟ ನೀರು ಕುಡೀಬೇಕು. ಸಿಹಿಯಾಗೇ ಇರುತ್ತೆ. ನಾನೇ ಬರೆದಿಟ್ಟಿದ್ದೀನಲ್ಲ!"