ಮಿನು ನಿಂತಿದ್ದ ಜಾಗಗಳು

ಆಗೆಲ್ಲ ಊರಿನ ಎಂಟು ಗಂಟೆಯ ಧಾರಾವಾಹಿ ನಮಗೆ ಆರೂವರೆಗೇ ಬರುತ್ತಿತ್ತು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ನಾವಿದ್ದ ಕಟ್ಟಡದಲ್ಲಿ ಆ ಹೊತ್ತಿಗೆ ಒಂದೊಂದು ಬಾಗಿಲಿನಿಂದ ಒಂದೊಂದು ಭಾಷೆಯ ಅಳು ಕೇಳಿಸುತ್ತಿತ್ತು. ಮಲಯಾಳಂ, ಹಿಂದಿ, ಅರಬ್ಬಿ, ನಮ್ಮ ಮನೆಯಿಂದ ಕನ್ನಡ. ಲಿಫ್ಟಿನಲ್ಲಿ ಯಾರೋ ಹಚ್ಚಿಕೊಂಡು ಹೋದ ಊದ್ ಅತ್ತರಿನ ವಾಸನೆ ನಿಂತಿರುತ್ತಿತ್ತು, ಅದರ ಮೇಲೆ ಯಾರ ಮನೆಯದೋ ಮೀನು ಹುರಿದ ವಾಸನೆ. ಹೊರಗೆ ಬಿಸಿಲಿಗೆ ಆಡಲು ಬಿಡುತ್ತಿರಲಿಲ್ಲವಾದ್ದರಿಂದ ಮಕ್ಕಳ ಕಣ್ಣಾಮುಚ್ಚಾಲೆಯೆಲ್ಲ ಕಾರಿಡಾರಿನಲ್ಲೇ. ಗಲ್ಫಿನ ಫ್ಲ್ಯಾಟುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ವರ್ಷದವರೆಗೆ ಆ ಆಟದಲ್ಲಿ ನನ್ನ ತಂಗಿ ಅಮ್ಮುವೂ ಇದ್ದಳು. ಅವಳಿಗೆ ಐದು ವರ್ಷ, ನನಗೆ ಒಂಬತ್ತು. ಚಪ್ಪಲಿ ಸ್ಟ್ಯಾಂಡಿನ ಹಿಂದೆ ಅಡಗಿ, ಯಾರೂ ಹುಡುಕಲು ಶುರುಮಾಡುವ ಮೊದಲೇ "ನಾನು ಇಲ್ಲಿ ಇಲ್ಲ!" ಎಂದು ಕೂಗಿಬಿಡುತ್ತಿದ್ದಳು.

ರಜೆಗೆ ಉಡುಪಿಗೆ ಹೋದಾಗ ಅವಳಿಗೆ ಜ್ವರ ಬಂತು. ಮಿದುಳಿಗೆ ಏರಿದೆ ಎಂದರು. ವಾರ ತುಂಬಲಿಲ್ಲ. ನಾಲ್ವರು ಹೋದವರು ಮೂವರು ತಿರುಗಿ ಬಂದೆವು. ಅಮ್ಮುವಿನ ವೀಸಾ ರದ್ದು ಮಾಡಿಸಿ ಬಂದ ದಿನ ಅಪ್ಪ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ದೂರದ ರುವೈಸಿನ ರಿಫೈನರಿ ಕೆಲಸಕ್ಕೆ ಹೊರಟುಹೋದರು. ಅವರು ಮನೆಗೆ ಬರುತ್ತಿದ್ದದ್ದು ಶುಕ್ರವಾರದ ರಜೆಗೆಂದು ಗುರುವಾರ ಸಂಜೆ, ಕಂಪನಿ ಬಸ್ಸಿನಲ್ಲಿ. ಉಳಿದ ದಿನಗಳಲ್ಲಿ ಮನೆಯಲ್ಲಿ ಅಮ್ಮ ಮತ್ತು ನಾನು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಶಾಲೆಯಿಂದ ಬಂದು ಅಂಗಡಿಯ ಕುಬ್ಬೂಸ್ ರೊಟ್ಟಿಗೆ ಜಾಮ್ ಹಚ್ಚಿಕೊಂಡು ತಿನ್ನುತ್ತಿದ್ದೆ. ಎದುರು ಫ್ಲ್ಯಾಟಿನ ಹುಬ್ಬಳ್ಳಿಯ ಶಾಂತಕ್ಕ ಒಮ್ಮೊಮ್ಮೆ ರೊಟ್ಟಿ, ಪಲ್ಯ ತಂದುಕೊಟ್ಟು, "ಉಣ್ಣು ನನ್ನವ್ವಾ" ಎಂದು ತಲೆ ಸವರಿ ಹೋಗುತ್ತಿದ್ದರು.

ಟೀವಿ ಹಚ್ಚುತ್ತಿದ್ದವಳು ನಾನೇ, ಮನೆಯಲ್ಲಿ ಏನಾದರೂ ಸದ್ದಿರಲಿ ಎಂದು. ಒಂದು ಸಂಜೆ ಅಮ್ಮ ಮಂಚದ ಮೇಲೆ ತಟ್ಟನೆ ಎದ್ದು ಕೂತಳು.

"ವಿದ್ಯಾ, ಓಡಿ ಬಾ. ನೋಡು ಮಾರಾಯ್ತಿ, ಆ ಹುಡುಗಿಯನ್ನು ನೋಡು."

ಧಾರಾವಾಹಿಯ ನಾಯಕಿ ಗಂಡನ ಜೊತೆ ದುಬೈಗೆ ಬಂದಿದ್ದಳು. ಗಂಡನ ಮೊದಲ ಹೆಂಡತಿಯ ಮಗಳು ಮಿನುವೂ ಜೊತೆಗಿದ್ದಳು. ಆ ಮಗು ಐಸ್‌ಕ್ರೀಮ್ ತಿನ್ನುತ್ತಾ, ಬೆರಳು ಅಂಟಾಗಿದ್ದರಿಂದ, ಹಣೆಯ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳಿತು.

"ಯಾರ ಹಾಗೆ ಉಂಟು ಹೇಳು?"

ಮುಖ ಒಂಚೂರೂ ಹೋಲುತ್ತಿರಲಿಲ್ಲ. ಆದರೆ ಕೂದಲು ತಳ್ಳಿದ ರೀತಿ ನಮ್ಮ ಮಗುವಿನದೇ. "ಅಮ್ಮುವಿನ ಹಾಗೆ," ಎಂದೆ. ಊರಿನಿಂದ ಬಂದ ಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು. ಅಮ್ಮ ನನ್ನನ್ನು ಎಳೆದು ತಬ್ಬಿಕೊಂಡಳು. ಬಹಳ ದಿನಗಳ ಮೇಲೆ ಅವಳ ಸೀರೆಯ ವಾಸನೆ ನನಗೆ ಸಿಕ್ಕಿತು.

ಡಿಸೆಂಬರ್ ರಜೆ ಶುರುವಾದ ದಿನ ಅಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ, ಗೋಳಿಬಜೆ ಕರಿದು ಡಬ್ಬಿಗೆ ತುಂಬುತ್ತಿದ್ದಳು. "ಮಿನು ಕೂತ ದೋಣಿ ಎಲ್ಲಿಯದ್ದು ಅಂತ ನನಗೆ ಗೊತ್ತು. ಹೋಗುವನಾ?" ಎಂದಳು. ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು, "ಹೋಗಿ ಬನ್ನಿ, ಹೋಗಿ ಬನ್ನಿ" ಎಂದು ಎರಡೆರಡು ಸಲ ಹೇಳಿದರು. ಅಮ್ಮ ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕಿತ್ತು ಅವರಿಗೆ.

ಅಬುಧಾಬಿಯ ದೊಡ್ಡ ನಿಲ್ದಾಣದಿಂದ ಬಸ್ಸು ಮರಳು, ಕಂಬ, ಮರಳು ದಾಟಿ ಎರಡು ಗಂಟೆಯ ಮೇಲೆ ದುಬೈಯ ಅಲ್ ಗುಬೈಬಾದಲ್ಲಿ ಇಳಿಸುತ್ತಿತ್ತು. ಅಲ್ಲಿಂದ ಬಟ್ಟೆ ಅಂಗಡಿಗಳ ಸಾಲಿನಲ್ಲಿ, "ಪಶ್ಮೀನಾ ದೀದಿ, ಪಶ್ಮೀನಾ!" ಎಂದು ಕರೆಯುವವರನ್ನು ದಾಟಿ, ನಡೆದು ಹೋದರೆ ಕ್ರೀಕ್, ಊರೊಳಗೆ ಚಾಚಿದ ಸಮುದ್ರದ ತೋಳು. ಉಪ್ಪುನೀರು ಮತ್ತು ಡೀಸೆಲ್ ಬೆರೆತ ಗಾಳಿ. ಅಬ್ರಾ ಎನ್ನುವ ಮರದ ದೋಣಿಗೆ ತಲೆಗೊಂದು ದಿರ್ಹಮ್. ಅಮ್ಮ ಟೀವಿಯ ಪರದೆಯಿಂದ ಫೋನಿನಲ್ಲಿ ತೆಗೆದುಕೊಂಡಿದ್ದ ಚಿತ್ರ ನೋಡಿ, ದೋಣಿಯ ಹಿಂಬದಿಯ ಮೂಲೆಯಲ್ಲಿ ಕೂತಳು. ಅಲ್ಲೇ ಮಿನು ಕೂತದ್ದು. ಹಲಗೆಯನ್ನು ಅಂಗೈಯಿಂದ ಸವರಿದಳು. ಮಿನುವಿನ ಹಾಗೆಯೇ ಕಡಲಹಕ್ಕಿಗಳಿಗೆ ಬಿಸ್ಕೆಟ್ ಎಸೆದಳು. ಒಂದು ಹಕ್ಕಿ ಅವಳ ಕೈಯಿಂದಲೇ ಕಿತ್ತುಕೊಂಡು ಹೋದಾಗ ಅಮ್ಮ ನಕ್ಕಳು. ದಡಕ್ಕೆ ಬಂದ ಮೇಲೆ ಎರಡು ಫಲಾಫಲ್ ಸ್ಯಾಂಡ್‌ವಿಚ್ ತಿಂದು, ನನ್ನ ಕರಕ್ ಚಹಾದ ಕೊನೆಯ ಗುಟುಕನ್ನೂ ಕುಡಿದಳು. ಅಮ್ಮ ಗುಣವಾಗಿಬಿಟ್ಟಳು ಎಂದೇ ನಾನು ತಿಳಿದೆ.

ಹಾಗಾಗಿ ಮುಂದಿನ ಜಾಗಗಳನ್ನು ಹುಡುಕುವುದರಲ್ಲಿ ಅವಳಿಗಿಂತ ನನಗೇ ಹೆಚ್ಚು ಹುಮ್ಮಸ್ಸು. ಡಿಶ್ ಪೆಟ್ಟಿಗೆಯಲ್ಲಿ ರೆಕಾರ್ಡ್ ಮಾಡಿಟ್ಟ ಎಪಿಸೋಡನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಹಿಂದೆ ಕಾಣುವ ಅಂಗಡಿಯ ಬೋರ್ಡನ್ನು ಓದಿ ಹೇಳುತ್ತಿದ್ದೆ. ಮೆಟ್ರೋದಲ್ಲಿ ಡ್ರೈವರ್ ಇಲ್ಲದ ಮುಂದಿನ ಗಾಜಿಗೆ ಮೂಗು ಒತ್ತಿ, ನಾನೇ ರೈಲು ಓಡಿಸುತ್ತಿರುವಂತೆ ಆಡುತ್ತಾ ಹೋದೆ. ಕಾರಂಜಿಯ ಪಕ್ಕದ ಸೇತುವೆಯಲ್ಲಿ ಮಿನು ಕಿವಿ ಮುಚ್ಚಿಕೊಂಡು ನಿಂತ ಕಂಬಿಯನ್ನು ಗುರುತಿಸಿದ್ದು ನಾನೇ. "ಇದೇ, ಇದೇ ಅಮ್ಮಾ!" ಅಮ್ಮ ಆ ಕಂಬಿಗೆ ಕೆನ್ನೆ ಆನಿಸಿ ನಿಂತಳು. ಫೋಟೋ ತೆಗೆಯುತ್ತಿದ್ದ ಜನ ಅವಳನ್ನು ಸುತ್ತಿಕೊಂಡು ಹೋದರು.

ಕೊನೆಯದು ಬೀಚು. ಸಮುದ್ರದಲ್ಲಿ ಹಾಯಿ ಬಿಚ್ಚಿದಂತೆ ನಿಂತ ಹೋಟೆಲು ಹಿಂದೆ ಕಾಣುವ ಬೀಚು. ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟು ಬಿಸಿಲಿನಲ್ಲಿ ತುಂಬ ನಡೆದೆವು. ಮಿನು ಮರಳಿನ ಮನೆ ಕಟ್ಟಿದ್ದ ಜಾಗ ಸಿಕ್ಕಿತು, ಅಥವಾ ಸಿಕ್ಕಿತೆಂದು ಅಮ್ಮ ನಿರ್ಧರಿಸಿದಳು. ನಾನು ಓಡಿಹೋಗಿ ಅಲ್ಲಿ ನಿಂತು, "ಅಮ್ಮಾ, ನನ್ನ ಫೋಟೋ ತೆಗಿ" ಎಂದೆ.

ಅಮ್ಮ ಫೋನು ಎತ್ತಿದಳು. ಆಮೇಲೆ ಮೆಲ್ಲಗೆ, "ಸ್ವಲ್ಪ ಬದಿಗೆ ಹೋಗು ಮಗಾ. ಆ ಜಾಗ ಕಾಣಬೇಕು" ಎಂದಳು.

ನಾನು ಬದಿಗೆ ಹೋದೆ. ಆ ಫೋಟೋ ಈಗಲೂ ಇದೆ. ನಡುವೆ ಖಾಲಿ ಮರಳು, ಅಂಚಿನಲ್ಲಿ ನನ್ನ ಅರ್ಧ ಭುಜ.

ಜನವರಿಯ ಒಂದು ಶುಕ್ರವಾರ ಟೀವಿಯಲ್ಲಿ ಮುಂದಿನ ವಾರದ ತುಣುಕು ತೋರಿಸಿದರು. ರಸ್ತೆ, ಕಾರಿನ ಬ್ರೇಕು, ನಾಯಕಿಯ ಚೀರಾಟ, ಒಂದು ಪುಟ್ಟ ಶೂ. ಅಮ್ಮ ಅಡುಗೆಮನೆಯಲ್ಲಿದ್ದಳು. ಅಪ್ಪ ಎದ್ದು ಟೀವಿ ಆರಿಸಿ, ಹಿಂದಿನ ವಯರು ಕಿತ್ತರು.

"ಅಮ್ಮನಿಗೆ ಹೇಳಬೇಡ ಮಗಾ. ಡಿಶ್ ಕೆಟ್ಟಿದೆ ಅಂತ ಹೇಳುವ."

ಒಂದು ವಾರ ಡಿಶ್ ಕೆಟ್ಟೇ ಇತ್ತು. ಅಮ್ಮ ದಿನಕ್ಕೆರಡು ಸಲ ಕೆಳಗಿಳಿದು ವಾಚ್‌ಮನ್‌ನನ್ನು ಕೇಳಿ ಬರುತ್ತಿದ್ದಳು. ಗುರುವಾರ ಮಧ್ಯಾಹ್ನ ಶಾಂತಕ್ಕ ಗಿರ್ಮಿಟ್ ಮಾಡಿ ತಂದರು. ತಟ್ಟೆ ಇಡುತ್ತಲೇ, "ಆ ಕೂಸಿಗೆ ಹಂಗ ಮಾಡಬಾರದಿತ್ತು ಬಿಡ್ರಿ. ನನಗ ಉಣ್ಣಾಕೂ ಮನಸ್ಸಾಗಲಿಲ್ಲ ನೋಡ್ರಿ" ಎಂದುಬಿಟ್ಟರು.

"ಯಾವ ಕೂಸಿಗೆ?"

ಶಾಂತಕ್ಕ ನನ್ನ ಮುಖ ನೋಡಿದರು. ಆಗ ಅವರಿಗೆ ಗೊತ್ತಾಯಿತು. ಅಮ್ಮನ ಕೈ ಹಿಡಿದುಕೊಂಡು, "ಅದು ಬರೇ ಧಾರಾವಾಹಿ ರೀ. ಆ ಹುಡುಗಿ ಆರಾಮ ಅದಾಳ. ಶಾಲಿ ಪರೀಕ್ಷಾ ಅಂತ ಅವರವ್ವ ಬಿಡಿಸ್ಯಾಳಂತ, ಅದಕ್ಕ ಕಥಿಯೊಳಗ ಹಿಂಗ ಮಾಡ್ಯಾರ" ಎಂದರು.

"ಹೌದಾ?" ಎಂದಳು ಅಮ್ಮ. "ಅವಳಿಗೆ ಅಮ್ಮ ಉಂಟಾ?"

ಅಷ್ಟೇ. ಅಳಲಿಲ್ಲ. ಗಿರ್ಮಿಟ್ ಪೂರ್ತಿ ತಿಂದು, ತಟ್ಟೆ ತೊಳೆದು ಕೊಟ್ಟಳು.

ಮರುದಿನ ಬೆಳಿಗ್ಗೆ ಎದ್ದಾಗ ಅಮ್ಮ ಮನೆಯಲ್ಲಿರಲಿಲ್ಲ. ಫೋನು ಟೀವಿಯ ಪಕ್ಕದಲ್ಲೇ ಇತ್ತು. ಅಪ್ಪ ಕೆಳಗೆ ಅಂಗಡಿಗಳಲ್ಲಿ, ಕಟ್ಟಡದ ಟೆರೇಸಿನಲ್ಲಿ ಹುಡುಕಿ ಬಂದರು. ಟೆರೇಸಿಗೆ ಯಾಕೆ ಹೋದರು ಎಂದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ.

"ಬೀಚಿಗೆ ಹೋಗಿರ್ತಾಳೆ ಅಪ್ಪಾ. ದುಬೈಗೆ. ನನಗೆ ದಾರಿ ಗೊತ್ತುಂಟು."

ಅಪ್ಪನಿಗೆ ಆ ದಾರಿ ಗೊತ್ತಿರಲಿಲ್ಲ. ಅವರು ನನ್ನ ಕೈ ಹಿಡಿದಿದ್ದರೂ ನಾನೇ ಅವರನ್ನು ಕರೆದುಕೊಂಡು ಹೋದೆ. ಬಸ್ ನಿಲ್ದಾಣದ ಒಂದೊಂದು ಬೆಂಚನ್ನೂ ನೋಡಿದೆವು. ಬಸ್ಸಿನಲ್ಲಿ ಅಪ್ಪ ಎದುರು ಸೀಟಿನ ಕಂಬಿಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದರು.

ಅಮ್ಮ ಅಲ್ಲಿದ್ದಳು. ನೀರಿನ ಅಂಚಿನಲ್ಲಿ ಕೂತಿದ್ದಳು, ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಸುತ್ತ ಯಾರ ಯಾರದ್ದೋ ಮಕ್ಕಳು ಬಕೆಟ್ ಹಿಡಿದು ಓಡಾಡುತ್ತಿದ್ದರು. ಅಪ್ಪ ಅವಳ ಪಕ್ಕಕ್ಕೆ ಹೋಗಿ ನಿಂತರು.

ಅಮ್ಮ ನಮ್ಮ ಕಡೆ ತಿರುಗದೆಯೇ ಹೇಳಿದಳು: "ಅಮ್ಮು ಇಲ್ಲಿಗೆ ಬಂದೇ ಇರಲಿಲ್ಲ ಅಲ್ವಾ? ದೋಣಿಯಲ್ಲೂ ಕೂತಿರಲಿಲ್ಲ. ರೈಲಿನಲ್ಲೂ ಇಲ್ಲ. ಎಷ್ಟು ಸಲ ಕೇಳಿದ್ದಳು ಅವಳು. ನಾವು ಕರ್ಕೊಂಡು ಬರ್ಲೇ ಇಲ್ಲ."

"ಮುಂದಿನ ರಜೆಗೆ ಅಂತ ನಾನೇ ಹೇಳಿದ್ದು" ಎಂದರು ಅಪ್ಪ. ಆಮೇಲೆ ಆಫೀಸಿಗೆ ಹೋಗುವ ಪ್ಯಾಂಟಿನಲ್ಲೇ ಮರಳಿನ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿ, ಜೋರಾಗಿ ಅತ್ತರು. ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಅವಳೂ ಅತ್ತಳು. ಮಗು ಹೋದ ಮೇಲೆ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅಂದೇ ಇರಬೇಕು. ನಾನು ಅಮ್ಮನ ಚಪ್ಪಲಿಗಳನ್ನು ತೆರೆ ತಾಗದಂತೆ ಎತ್ತಿ ಹಿಡಿದುಕೊಂಡು ಅವರ ಹಿಂದೆ ನಿಂತಿದ್ದೆ.

ಆಮೇಲೆ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿರಲಿಲ್ಲ. ಅಡುಗೆ ಮಾಡಿದಳು, ನನ್ನ ಶಾಲೆಯ ಮೀಟಿಂಗಿಗೆ ಬಂದಳು, ಶಾಂತಕ್ಕನ ಜೊತೆ ಮಾರ್ಕೆಟ್ಟಿಗೆ ಹೋದಳು. ಧಾರಾವಾಹಿ ಮಾತ್ರ ಮತ್ತೆ ನೋಡಲಿಲ್ಲ, ದುಬೈಗೂ ಹೋಗಲಿಲ್ಲ. ಮರುವರ್ಷ ನಾವಿಬ್ಬರೂ ಉಡುಪಿಗೆ ಬಂದುಬಿಟ್ಟೆವು. ಅಪ್ಪ ರುವೈಸಿನಲ್ಲಿ ಇನ್ನೂ ಕೆಲವು ವರ್ಷ ಉಳಿದರು. ಶಾಂತಕ್ಕ ಯಾವ ಊರಿನಲ್ಲಿದ್ದಾರೋ ತಿಳಿಯದು.

ಕಳೆದದ್ದು ತಂಗಿಯೊಬ್ಬಳೇ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಅಮ್ಮುವನ್ನು ನೆನೆಸಿಕೊಳ್ಳಲು ಕೂತರೆ ಗಾಬರಿಯಾಗುತ್ತದೆ. ಆಲ್ಬಮ್ಮಿನಲ್ಲಿ ಅವಳ ಫೋಟೋಗಳಿವೆ, ಅಲ್ಲಿ ಅವಳು ಅವಳೇ. ಆದರೆ ಕಣ್ಣು ಮುಚ್ಚಿದಾಗ ಓಡುವವಳು, ನಗುವವಳು, ಹಕ್ಕಿಗೆ ಹೆದರಿ ಕೈ ಹಿಂದಕ್ಕೆಳೆದುಕೊಳ್ಳುವವಳು ಆ ಧಾರಾವಾಹಿಯ ಹುಡುಗಿ. ನಿಲ್ಲಿಸಿ ನಿಲ್ಲಿಸಿ ನೋಡಿದ ಆ ಮುಖ ಒಳಗೆ ಹೋಗಿ ಕೂತು, ನಮ್ಮ ಮಗುವನ್ನು ಹೊರಗೆ ಹಾಕಿಬಿಟ್ಟಿದೆ. ಅಮ್ಮುವಿನ ಧ್ವನಿ ಹೇಗಿತ್ತೆಂಬುದೂ ಸರಿಯಾಗಿ ಬರುವುದಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಅಮ್ಮನ ಜೊತೆ ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಬಾಯಿಗೆ ಬಂದುಬಿಟ್ಟಿತು. ಅಮ್ಮನ ಕೈ ನಿಂತಿತು. ಸೊಪ್ಪಿನ ಕಡೆಗೇ ನೋಡುತ್ತಾ ಹೇಳಿದಳು:

"ನನಗೂ ಹಾಗೇ ಮಗಾ."