ಲೆಫ್ಟ್ ಕಾರ್ನರಿಗೆ ಒಬ್ಬಳು

ಲೀಗ್ ಹತ್ತಿರ ಬಂದಿತ್ತು. ಆಗ ಮೂಡುಬಿದಿರೆಯ ಕಬಡ್ಡಿ ತಂಡದವರು ಸುಪ್ರೀತಾಳಿಗೆ ಫೋನು ಮಾಡಿ, ಅವಳ ತಂಡದಲ್ಲಿ ರೈಡಿಗೆ ಹೋಗುವ ಪ್ರಾಪ್ತಿಯನ್ನು ತಮಗೆ ಬಿಟ್ಟುಕೊಟ್ಟರೆ ಲೆಫ್ಟ್ ಕಾರ್ನರಿನಲ್ಲಿ ಪಳಗಿದ ಆಟಗಾರ್ತಿಯೊಬ್ಬಳನ್ನು ಕೊಡುವುದಾಗಿ ಹೇಳಿದರು.

ಸುಪ್ರೀತಾ ಲಾಯಿಲದ ಹೆಣ್ಣುಮಕ್ಕಳ ತಂಡದ ಕೋಚ್. ಹಗಲು ಶಾಲೆಯಲ್ಲಿ ಪಿ.ಟಿ. ಟೀಚರ್, ಸಂಜೆ ಮೈದಾನ. ಹಿಂದೆ ವಿಶ್ವವಿದ್ಯಾಲಯದ ತಂಡದಲ್ಲಿ ಹೆಸರು ಮಾಡಿದವಳು. ಮಗಳು ಹುಟ್ಟಿದ ಮೇಲೆ ಅಂಕಣಕ್ಕೆ ಇಳಿಯುತ್ತಿದ್ದುದು ಕಲಿಸುವುದಕ್ಕೆ ಮಾತ್ರ.

ತಂಡದ ಅಧ್ಯಕ್ಷ ನಿತ್ಯಾನಂದ ಶೆಟ್ಟರಿಗೆ ಈ ಅದಲುಬದಲು ಹಿಡಿಸಿತು. ರೈಡಿಗೆ ಹೋಗುವ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಎಡಗಡೆಯಲ್ಲಿ ಹಿಡಿಯುವವರಿಲ್ಲದೆ ತಾನೇ ಕಳೆದ ಸಲ ಸೋತದ್ದು ಎಂದರು. ಅದು ಸುಳ್ಳಲ್ಲ. ಆದರೆ ಪ್ರಾಪ್ತಿಯ ಹಾಗೆ ಎದುರಾಳಿಯ ಕೈಯೊಳಗಿಂದ ಮೀನಿನಂತೆ ಜಾರಿ ಬರುವವಳು ಬೇರೆ ಯಾರಿದ್ದಾರೆ? ಅಳದಂಗಡಿಯ ಆ ಹುಡುಗಿಯನ್ನು ಹೈಸ್ಕೂಲಿನಿಂದ ತಿದ್ದಿದವಳು ಸುಪ್ರೀತಾಳೇ. ಆದರೂ ಮೂಡುಬಿದಿರೆಯಲ್ಲಿ ಅವಳಿಗೆ ಹಾಸ್ಟೆಲು ಸಿಗುತ್ತದೆ, ದಿನವೂ ಮ್ಯಾಟಿನ ಮೇಲೆ ಅಭ್ಯಾಸ ಸಿಗುತ್ತದೆ. ತಾನು ಹಿಡಿದಿಟ್ಟುಕೊಳ್ಳುವುದು ಅವಳ ಒಳ್ಳೆಯದಕ್ಕೋ, ತನ್ನ ಆಸೆಗೋ ಎಂಬ ಪ್ರಶ್ನೆ ಸುಪ್ರೀತಾಳನ್ನು ಕೊರೆಯಿತು.

ಕೊನೆಗೆ ಅಭ್ಯಾಸ ಮುಗಿದ ಮೇಲೆ ಪ್ರಾಪ್ತಿಯನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ತಿಳಿಸಿದಳು. ಹುಡುಗಿ ಮೊಣಕಾಲಿನ ಮಣ್ಣು ಕೊಡವಿಕೊಂಡಳು.

"ನೀವು ಹೋಗು ಅಂದ್ರೆ ಹೋಗ್ತೇನೆ ಅಕ್ಕ. ನನಗೆ ಇಲ್ಲೇ ಆಡ್ಬೇಕು ಅಂತ ಉಂಟು. ಕಾರ್ನರಿಗೆ ಜನ ಹುಡುಕ್ಲಿಕ್ಕೆ ಮೂಡುಬಿದಿರೆಗೆ ಯಾಕೆ ಹೋಗುವುದು? ದಿನಾ ಅಭ್ಯಾಸದಲ್ಲಿ ನನ್ನ ಕಾಲು ಹಿಡಿದು ಬೀಳಿಸುವುದು ನೀವೇ ಅಲ್ವಾ?"

ಸುಪ್ರೀತಾ ನಕ್ಕುಬಿಟ್ಟಳು. ಮನೆಗೆ ಹೋಗುವಾಗ ಮಾತ್ರ ನಗು ಬರಲಿಲ್ಲ; ತಾನೇ ಯಾಕೆ ಆಡಬಾರದು ಎಂದು ಯೋಚಿಸತೊಡಗಿದಳು. ಕುವೈತಿನಲ್ಲಿದ್ದ ಗಂಡ ಲತೇಶನಿಗೆ ಫೋನಿನಲ್ಲಿ ಹೇಳಿದಾಗ ಅವನು ಕೇಳಿದ್ದು ಒಂದೇ, ಮೊಣಕಾಲು ತಡೆದೀತೇ ಎಂದು. ತಡೆಯುತ್ತದೆ ಎಂದಳು. ಮರುದಿನ ಮೂಡುಬಿದಿರೆಯವರಿಗೆ ಆಗುವುದಿಲ್ಲವೆಂದು ತಿಳಿಸಿ, ಆಟಗಾರ್ತಿಯರ ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಿದಳು. ಶೆಟ್ಟರು ತಲೆ ಚಚ್ಚಿಕೊಂಡರು. ಈ ವಯಸ್ಸಿನಲ್ಲಿ ಇದು ಬೇಕಿತ್ತಾ ಎಂದು ಊರವರೂ ಆಡಿಕೊಂಡರು.

ಮೊದಲ ಪಂದ್ಯದಲ್ಲಿ ಅವಳ ಕೈ ಎರಡು ಸಲ ತಪ್ಪಿತು. ಆಮೇಲೆ ಹಳೆಯ ಲೆಕ್ಕಾಚಾರ ಮೈಗೆ ಮರಳಿತು. ಪ್ರಾಪ್ತಿ ಪಾಯಿಂಟು ತರುತ್ತ ಹೋದಳು, ಸುಪ್ರೀತಾ ಬಂದವರನ್ನು ಕಟ್ಟಿಹಾಕುತ್ತ ಹೋದಳು.

ಬಂಟ್ವಾಳದಲ್ಲಿ ನಡೆದ ಫೈನಲಿನಲ್ಲಿ ಎದುರಿಗಿದ್ದದ್ದು ಅದೇ ಮೂಡುಬಿದಿರೆ ತಂಡ. ಲಾಯಿಲ ಒಂದೇ ಒಂದು ಪಾಯಿಂಟು ಮುಂದಿತ್ತು. ಕೊನೆಯ ರೈಡಿಗೆ ಅವರ ನಾಯಕಿ ಸಬೀಹಾ ಬಂದಳು. ಬಲಗಡೆ ನುಗ್ಗುವಂತೆ ತೋರಿಸಿ ತಟ್ಟನೆ ಎಡಕ್ಕೆ ಕಾಲು ಚಾಚಿದಳು. ಸುಪ್ರೀತಾ ಮುಂದಕ್ಕೆ ಬಿದ್ದು ಅವಳ ಕಾಲಿನ ಹರಡನ್ನು ಎರಡೂ ಕೈಗಳಲ್ಲಿ ಹಿಡಿದಳು. ಸಬೀಹಾ ಎಳೆದಳು, ಮಗ್ಗುಲಾದಳು, ಮಧ್ಯರೇಖೆಯತ್ತ ಬೆರಳು ಚಾಚಿದಳು. ಹಿಡಿತ ಬಿಡಲಿಲ್ಲ. ಅಷ್ಟರಲ್ಲಿ ಪ್ರಾಪ್ತಿ ಮೇಲೆ ಬಿದ್ದಳು, ಅವಳ ಹಿಂದೆ ಇಡೀ ತಂಡ.

ರೆಫರಿ ಸೀಟಿ ಊದಿದರು. ಎಲ್ಲರ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಸುಪ್ರೀತಾಳಿಗೆ ಜನರ ಬೊಬ್ಬೆಯ ನಡುವೆ ಶೆಟ್ಟರ ಸ್ವರವೂ ಕೇಳಿಸಿತು. ಅವರು ಪಕ್ಕದವರಿಗೆಲ್ಲ, ಅವಳು ನಮ್ಮ ಟೀಚರು ಎಂದು ಹೇಳುತ್ತಿದ್ದರು.