ಸಿದ್ದಕ್ಕ ಖಾಲಿ ಮಾಡಿದ ಚೀಲ

ಸಮೀರವಾಡಿ ರಸ್ತೆಯ ಅಂಚಿಗಿರುವ ಸಿದ್ದಕ್ಕನ ಮನೆಯಲ್ಲಿ ಯಾವ ವಸ್ತುವಿಗೂ ಸುಲಭಕ್ಕೆ ಮುಕ್ತಿಯಿಲ್ಲ. ಹರಿದ ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ಕಾಲೊರಸು, ಅದೂ ಹರಿದರೆ ಬಚ್ಚಲ ಕಿಂಡಿಗೆ ಸೇರಿ ಇಲಿಗಳನ್ನು ತಡೆಯುತ್ತದೆ. ಟ್ರ್ಯಾಕ್ಟರಿನ ಸವೆದ ಟೈರನ್ನು ಸೀಳಿ ಕುರಿಗಳಿಗೆ ಮೇವಿನ ತೊಟ್ಟಿ ಮಾಡಿಸಿದ್ದಾಳೆ. ಊರಲ್ಲಿ ಯಾರ ಮನೆಗೆ ಬಣ್ಣ ಹಚ್ಚಿದರೂ ಖಾಲಿ ಬಕೆಟ್ಟು ಆಕೆಯ ಪಾಲು. ಪೇಂಟರುಗಳು ತಾವೇ ತಂದು ಕೊಟ್ಟು ಹೋಗುತ್ತಾರೆ, ಇಲ್ಲದಿದ್ದರೆ ಆಕೆ ಬಂದು ಎದುರಿಗೆ ನಿಲ್ಲುತ್ತಾಳೆ. ಸೊಸೆ ಪೂನಮ್ ಎಸೆದ ಶಾಂಪೂ ಬಾಟಲಿಯನ್ನೂ ಹುಡುಕಿ ತಂದು ತೊಳೆದಿಡುವ ಹೆಂಗಸು.

ಮೊನ್ನೆ ಮಗ ಹಾಲೇಶ ಕಬ್ಬಿಗೆ ಹಾಕಿ ಮಿಕ್ಕ ಯೂರಿಯಾವನ್ನು ಚೀಲದ ಸಮೇತ ಪಡಸಾಲೆಯಲ್ಲಿಟ್ಟಿದ್ದ. ಸಿದ್ದಕ್ಕನ ಕಣ್ಣು ಬಿದ್ದದ್ದು ಗೊಬ್ಬರದ ಮೇಲಲ್ಲ, ಚೀಲದ ಮೇಲೆ. ಕುರಿಮರಿಗಳಿಗಾಗಿ ಹೊಲಿಯುತ್ತಿದ್ದ ಹಾಸಿಗೆ ಅದೊಂದು ಚೀಲ ಸಿಕ್ಕರೆ ಮುಗಿಯುತ್ತಿತ್ತು. ಗೊಬ್ಬರವನ್ನು ಬಣ್ಣದ ಬಕೆಟ್ಟಿಗೆ ಸುರಿದು, ಕುರಿಗಳ ಮೇವಿಗೆ ಬೆರೆಸುವ ಉಪ್ಪಿನ ಬಕೆಟ್ಟಿನ ಪಕ್ಕದಲ್ಲೇ ಇಟ್ಟಳು. ಎರಡೂ ನೋಡಲು ಒಂದೇ. ಗುರುತು ಹಾಕುವ ಜಾಯಮಾನ ಆಕೆಯದಲ್ಲ. ತನ್ನ ಮನೆಯ ಡಬ್ಬಿ ತನ್ನ ಕೈಗೆ ಗೊತ್ತು ಎಂಬ ಠೇಂಕಾರ ಬೇರೆ.

ಮರುದಿನ ಬೆಳಕು ಹರಿಯುವ ಮುಂಚೆ ಕರೆಂಟು ಹೋಗಿತ್ತು. ಸಿದ್ದಕ್ಕ ಕತ್ತಲಲ್ಲೇ ಬಕೆಟ್ಟಿನಿಂದ ಮೊಗೆದು, ಮೆಕ್ಕೆಜೋಳದ ನುಚ್ಚಿಗೆ ಬೆರೆಸಿ, ಮರಿ ಹಾಕಿದ ಕುರಿಗಳ ಮುಂದಿಟ್ಟಳು. ಎಲ್ಲಕ್ಕಿಂತ ಮೊದಲು ನುಗ್ಗಿದ್ದು ಕೆಂದಿ. ತಬ್ಬಲಿ ಮರಿಯಾಗಿದ್ದ ಅದನ್ನು ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಸಿದ್ದಕ್ಕನೇ. ಅದರ ಬೆನ್ನು ಚಪ್ಪರಿಸಿ ಆಕೆ ರೊಟ್ಟಿ ಬಡಿಯಲು ಒಳಗೆ ಹೋದಳು.

"ಅತ್ತಿ, ಲಗೂ ಬರ್ರಿ! ಕುರಿ ನಡಗಾಕತ್ತಾವು, ಬಾಯಾಗ ನೊರಿ ಬಂದೈತಿ!" ಪೂನಮ್ ಹೊರಗಿನಿಂದ ಚೀರಿದಳು.

ಸಿದ್ದಕ್ಕ ಹಿಟ್ಟಿನ ಕೈಯಲ್ಲೇ ಓಡಿದಳು. ತೊಟ್ಟಿಯಲ್ಲಿ ಉಳಿದ ನುಚ್ಚನ್ನು ತಿಕ್ಕಿ ನೋಡಿದರೆ ಬೆರಳ ನಡುವೆ ದುಂಡಗಿನ ಬಿಳಿ ಕಾಳು ಉರುಳಿತು.

"ಯಪ್ಪಾ ಬೀರಪ್ಪಾ, ನನ್ನ ಕೈಯಾರ ಗೊಬ್ಬರ ತಿನಿಸಿದ್ನಲ್ಲೋ!"

ಹಾಲೇಶ ಮುಧೋಳದ ದನದ ಡಾಕ್ಟರಿಗೆ ಫೋನು ಹಚ್ಚಿದ. "ನಾ ಹೊಂಟೆ," ಎಂದರು ಡಾಕ್ಟರು. "ಅಲ್ಲೀತನಕ ವಿನೆಗರ್ ಇದ್ರ ತಣ್ಣೀರಾಗ ಕಲಸಿ ಕುಡಸ್ರಿ, ಇಲ್ಲಂದ್ರ ಹುಳಿ ಮಜ್ಜಿಗಿ. ಸಾವಕಾಶ ಹಾಕ್ರಿ, ನೆತ್ತಿಗಿ ಹತ್ತೀತು."

ಮಜ್ಜಿಗೆ ಒಂದೇ ತಂಬಿಗೆಯಷ್ಟಿತ್ತು. ಅದು ಎಲ್ಲಿಗೆ ಸಾಕು? ಸಕ್ಕರೆ ಫ್ಯಾಕ್ಟರಿಯ ಗೇಟಿನ ಬಳಿ ಗೋಬಿ ಮಂಚೂರಿ ಗಾಡಿ ಹಚ್ಚುವ ಸಂಜುವಿನ ನೆನಪಾಗಿದ್ದು ಪೂನಮಳಿಗೆ. ಅವನ ಮನೆಗೆ ಓಡಿದವಳು ಎರಡೂ ಕೈಯಲ್ಲಿ ವಿನೆಗರ್ ಬಾಟಲಿ ಹಿಡಿದು ಏದುಸಿರು ಬಿಡುತ್ತಾ ಬಂದಳು. ಅಷ್ಟರಲ್ಲಿ ಕೆಂದಿ ಕಾಲು ಮಡಚಿ ಕುಸಿದಿತ್ತು, ಹೊಟ್ಟೆ ಉಬ್ಬಿ ಬಿಗಿದಿತ್ತು.

ಹಾಲೇಶ ಒಂದೊಂದೇ ಕುರಿಯ ಬಾಯಿ ಬಿಡಿಸಿ ಹಿಡಿದ, ಪೂನಮ್ ಗುಟುಕು ಗುಟುಕಾಗಿ ಹುಯ್ದಳು. ಒಂದು ಕೆಮ್ಮಿತು, ಮತ್ತೆ ನುಂಗಿತು. ಸಿದ್ದಕ್ಕ ಬಾಟಲಿ ಮುಟ್ಟದೆ ತೊಟ್ಟಿಯ ಪಕ್ಕದಲ್ಲೇ ಕುಕ್ಕರಿಸಿದ್ದಳು.

"ಬೈಯವ್ವಾ ನನಗ, ಬಾಯಿಗಿ ಬಂದಂಗ ಬೈ," ಎಂದು ಸೊಸೆಯ ಮುಂದೆ ಅತ್ತಳು.

"ಆಮ್ಯಾಲ ಬೈತೀನ್ರಿ ಅತ್ತಿ. ಈಗ ಇದರ ತಲಿ ಹಿಡೀರಿ."

ಸಿದ್ದಕ್ಕ ಕೆಂದಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪೂನಮ್ ಹುಯ್ದದ್ದು ಕಟವಾಯಿಯಿಂದ ಹೊರಗೇ ಹರಿಯಿತು. ಡಾಕ್ಟರ ಬೈಕು ಅಂಗಳಕ್ಕೆ ಬರುವ ಹೊತ್ತಿಗೆ ಕೆಂದಿಯ ಕಣ್ಣುಗಳು ನಿಂತುಹೋಗಿದ್ದವು. ಅವರು ಅದನ್ನು ಮುಟ್ಟಿ ನೋಡಿ, ಉಳಿದವುಗಳ ಕಡೆ ತಿರುಗಿದರು.

ಮಧ್ಯಾಹ್ನದ ಹೊತ್ತಿಗೆ ಉಳಿದ ಕುರಿಗಳು ಎದ್ದು ನಿಂತವು. ಒಂದು ಮೆಲುಕು ಹಾಕಿದ್ದನ್ನು ಕಂಡು ಪೂನಮ್ ಗೋಡೆಗೆ ಒರಗಿ ಕೂತುಬಿಟ್ಟಳು.

ಹಾಲೇಶ ಹಿತ್ತಲಲ್ಲಿ ಗುಂಡಿ ತೋಡಿದ. ವಿಷ ತಿಂದ ಕುರಿಯ ಮಾಂಸ ಯಾರಿಗೂ ಬರುವುದಿಲ್ಲ, ಆದರೆ ಉಣ್ಣೆಗೇನು? ಸತ್ತ ಕುರಿಯ ಉಣ್ಣೆಯನ್ನು ಕತ್ತರಿಸಿಕೊಂಡೇ ಹೂಳುವುದು ಆ ಮನೆಯ ವಾಡಿಕೆ, ಸಿದ್ದಕ್ಕನೇ ಹಾಕಿಕೊಟ್ಟದ್ದು. ಮಗ ಕತ್ತರಿ ಹಿಡಿದು ಬಂದ.

"ಯವ್ವಾ, ನೀ ಕತ್ತರಸ್ತೀಯೋ, ನಾ ಕತ್ತರಸಲೋ?"

ಸಿದ್ದಕ್ಕ ಕೆಂದಿಯ ಮೈಮೇಲಿನ ಕೈ ತೆಗೆಯಲಿಲ್ಲ.

"ಬ್ಯಾಡಪಾ. ಆಕಿದು ಆಕಿ ಮೈಮ್ಯಾಲೇ ಇರಲಿ."